ಪಹಣಿಯಲ್ಲಿ ಅಪ್ಪನ ಹೆಸರು, ಹೊಲದಲ್ಲಿ ಪಕ್ಕದವರ ನೇಗಿಲು: ಸರ್ಕಾರದ ದುಡ್ಡು ಯಾರಿಗೆ?

ಶೇಂಗಾ_ಸಾಲು · 6 ಜುಲೈ 2025

ಎಲ್ಲರಿಗೂ ನಮಸ್ಕಾರ. ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. 3 ಎಕರೆ 10 ಗುಂಟೆ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ ಇದೆ. ಅಪ್ಪ 2022ರಲ್ಲಿ ತೀರಿಕೊಂಡರು. ಪಹಣಿ, ಅಂದರೆ ಜಮೀನಿನ ದಾಖಲೆ, ಇನ್ನೂ ಅವರ ಹೆಸರಿನಲ್ಲೇ ಇದೆ. ಕೇಂದ್ರ ಸರ್ಕಾರ ರೈತರಿಗೆ ಕೊಡುವ ಪಿಎಂ ಕಿಸಾನ್ ದುಡ್ಡು ಅವರು ಹೋದ ಮೇಲೂ ಒಂದು ಕಂತು ಬಂತು. ಆಮೇಲೆ ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿಲ್ಲ ಅಂತ ನಿಂತಿತು. 2023ರ ಬರ ಪರಿಹಾರ ಅಕ್ಕಪಕ್ಕದವರಿಗೆಲ್ಲ ಬಂತು, ನಮಗೆ ಒಂದು ರೂಪಾಯಿ ಬರಲಿಲ್ಲ.

ನಾನು ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿದ್ದೇನೆ. ಊರಲ್ಲಿ ಅಮ್ಮ ಒಬ್ಬರೇ. ಅಕ್ಕನನ್ನು ದಾವಣಗೆರೆಗೆ ಕೊಟ್ಟಿದ್ದೇವೆ. ಜಮೀನಿನ ಖಾತೆ ನನ್ನ ಹೆಸರಿಗೆ ಮಾಡಿಸಿದರೆ ಈ ಹಣವೆಲ್ಲ ಮತ್ತೆ ಶುರುವಾಗುತ್ತದಾ? ಒಬ್ಬ ಏಜೆಂಟ್ ಎಲ್ಲ ಸೇರಿ 8 ಸಾವಿರ ಕೇಳುತ್ತಿದ್ದಾನೆ. ಕೊಡಬಹುದಾ?

ಪಹಣಿ_ಪುರಾಣ · 6 ಜುಲೈ

ಏಜೆಂಟನಿಗೆ ಕೊಡಬೇಡಿ ತಮ್ಮಾ. ವರ್ಷಕ್ಕೆ 6 ಸಾವಿರ ಬರುವುದಕ್ಕೆ 8 ಸಾವಿರ ಕೊಡುವುದೇ?

ನಾನು ಕಂದಾಯ ಇಲಾಖೆಯಲ್ಲಿ ಇದ್ದು ನಿವೃತ್ತಿಯಾದವನು. ನೀವು ಮೂರು ಬೇರೆ ಬೇರೆ ವಿಷಯ ಕಲಸಿದ್ದೀರಿ. ಬಿಡಿಸಿ ಹೇಳುತ್ತೇನೆ.

ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಅಪ್ಪನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ವಾರಸುದಾರರೆಲ್ಲರ ಆಧಾರ್. ಇಷ್ಟು ಇಟ್ಟುಕೊಂಡು ನಾಡಕಚೇರಿಗೆ ಅರ್ಜಿ ಕೊಡಿ. ಈ ವರ್ಷ ಇಲಾಖೆಯೇ ಪೌತಿ ಖಾತೆ ಆಂದೋಲನ ನಡೆಸುತ್ತಿದೆ, ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ. ಮೊದಲು ಗ್ರಾಮ ಲೆಕ್ಕಿಗ ಅನ್ನುತ್ತಿದ್ದೆವಲ್ಲ, ಅವರೇ.

ಎರಡನೆಯದು ಎಫ್‌ಐಡಿ. ಫ್ರೂಟ್ಸ್ ಅನ್ನುವ ಸರ್ಕಾರದ ರೈತರ ನೋಂದಣಿ ತಂತ್ರಾಂಶದಲ್ಲಿ ಪ್ರತಿ ರೈತನಿಗೆ ಒಂದು ನಂಬರ್ ಇರುತ್ತದೆ. ಬರ ಪರಿಹಾರ, ಬೆಂಬಲ ಬೆಲೆಯ ಖರೀದಿ, ಬಿತ್ತನೆ ಬೀಜದ ರಿಯಾಯಿತಿ, ಹನಿ ನೀರಾವರಿ ಸಬ್ಸಿಡಿ, ಎಲ್ಲಕ್ಕೂ ಅದೇ ಬೇಕು. ಪಹಣಿ ಸತ್ತವರ ಹೆಸರಿನಲ್ಲಿದ್ದರೆ ಆ ಸರ್ವೆ ನಂಬರನ್ನು ನಿಮ್ಮ ಎಫ್‌ಐಡಿಗೆ ಸೇರಿಸಲು ಬರುವುದಿಲ್ಲ. ನಿಮಗೆ ಬರ ಪರಿಹಾರ ಬರದೇ ಇದ್ದಿದ್ದು ಇದಕ್ಕೇ ಇರಬೇಕು. ಖಾತೆಯಾದ ಮೇಲೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿ.

ಮೂರನೆಯದು ಪಿಎಂ ಕಿಸಾನ್. ನೀವು ಆದಾಯ ತೆರಿಗೆ ಕಟ್ಟುತ್ತೀರಾ? ಕಟ್ಟುವುದಾದರೆ ನಿಮ್ಮ ಹೆಸರಿಗೆ ಖಾತೆಯಾದರೂ ಆ ದುಡ್ಡು ಬರುವುದಿಲ್ಲ. ನಿಯಮ ಹಾಗಿದೆ. ನನಗೂ ಹೊಲವಿದೆ, ಪಿಂಚಣಿ 10 ಸಾವಿರ ದಾಟಿರುವುದರಿಂದ ನನಗೂ ಇಲ್ಲ.

ಶೇಂಗಾ_ಸಾಲು · 6 ಜುಲೈ

ಹೌದು ಸಾರ್, ತೆರಿಗೆ ಕಟ್ಟುತ್ತೇನೆ. ಹಾಗಾದರೆ ಅಮ್ಮನಿಗೂ ಬರಲ್ವಾ?

ಪಹಣಿ_ಪುರಾಣ · 6 ಜುಲೈ

ಅಮ್ಮನಿಗೆ ಬರುತ್ತದೆ. ಇಲ್ಲೇ ಎಲ್ಲರೂ ಎಡವುವುದು. ಈ ಯೋಜನೆಯ ಲೆಕ್ಕದಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, 18 ತುಂಬದ ಮಕ್ಕಳು. ದುಡಿಯುವ ಮಗ ಬೇರೆ ಕುಟುಂಬ. ನೀವು ತೆರಿಗೆ ಕಟ್ಟಿದರೆ ಅಮ್ಮನ ಅರ್ಹತೆ ಹೋಗುವುದಿಲ್ಲ.

ಇನ್ನೊಂದು ವಿಷಯ. 1 ಫೆಬ್ರವರಿ 2019ರಂದು ಜಮೀನು ಯಾರ ಹೆಸರಲ್ಲಿತ್ತೋ ಅವರೇ ಅರ್ಹರು. ಆಮೇಲೆ ಕೊಂಡವರಿಗೆ, ಅಣ್ಣತಮ್ಮಂದಿರು ಪಾಲು ಮಾಡಿಕೊಂಡವರಿಗೆ ಇಲ್ಲ. ಮಾಲೀಕ ತೀರಿಕೊಂಡು ವಾರಸುದಾರರಿಗೆ ಬಂದಿದ್ದರೆ ಮಾತ್ರ ವಿನಾಯಿತಿ. ನಿಮ್ಮದು ಅದರಲ್ಲಿ ಬರುತ್ತದೆ.

ಅಪ್ಪ ಹೋದ ಮೇಲೆ ಬಂದ ಕಂತನ್ನು ಮುಟ್ಟಬೇಡಿ. ವಾಪಸ್ ಕೇಳಬಹುದು.

ಬೆರಳಚ್ಚು_ಬಾಕಿ · 6 ಜುಲೈ

ನಾನು ಹಳ್ಳಿಯಲ್ಲಿ ಒಂದು ಸೇವಾ ಕೇಂದ್ರ ನಡೆಸುತ್ತೇನೆ. ದಿನಾ ನೋಡುವ ಎರಡು ತೊಂದರೆ ಹೇಳುತ್ತೇನೆ.

ಒಂದು, ಬೆರಳಚ್ಚು. ಕಳೆ ಕಿತ್ತು, ಶೇಂಗಾ ಬಿಡಿಸಿ, ಪಾತ್ರೆ ತಿಕ್ಕಿ ಅಮ್ಮಂದಿರ ಬೆರಳು ಸವೆದಿರುತ್ತದೆ. ಯಂತ್ರ ಒಪ್ಪುವುದೇ ಇಲ್ಲ. ಪಿಎಂ ಕಿಸಾನ್ ಆ್ಯಪ್‌ನಲ್ಲಿ 2023ರಿಂದ ಮುಖ ತೋರಿಸಿಯೂ ಇ-ಕೆವೈಸಿ ಮಾಡಬಹುದು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ಫೋನಿನಲ್ಲೇ ಮಾಡಿ, ಐದು ನಿಮಿಷದ ಕೆಲಸ.

ಎರಡು, ಬ್ಯಾಂಕ್ ಖಾತೆ. ನೀವು ಅರ್ಜಿಯಲ್ಲಿ ಯಾವ ಪಾಸ್‌ಬುಕ್ ಕೊಟ್ಟಿದ್ದೀರಿ ಅನ್ನುವುದು ಮುಖ್ಯ ಅಲ್ಲ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ದುಡ್ಡು ಅಲ್ಲಿಗೆ ಹೋಗುತ್ತದೆ. ನಮ್ಮೂರಿನ ಒಬ್ಬ ಅಜ್ಜಿಗೆ ನಾಲ್ಕು ಕಂತು ಬಂದೇ ಇಲ್ಲ ಅಂತ ಗಲಾಟೆ. ಹುಡುಕಿದರೆ, ಯಾವಾಗಲೋ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು ಅವರ ಹೆಸರಲ್ಲಿ ಒಂದು ಖಾತೆ ತೆರೆದಿದ್ದರು. 8 ಸಾವಿರ ಅಲ್ಲಿ ತಣ್ಣಗೆ ಕೂತಿತ್ತು. ಅಜ್ಜಿ ಆ ದಿನ ಕೇಂದ್ರದಲ್ಲಿದ್ದವರಿಗೆಲ್ಲ ಬಾಳೆಹಣ್ಣು ಹಂಚಿದರು.

ದೊಡ್ಡಕ್ಕ · 7 ಜುಲೈ

ಒಂದು ಮಾತು. "ಖಾತೆ ನನ್ನ ಹೆಸರಿಗೆ ಮಾಡಿಸಿದರೆ" ಅಂತ ಎಷ್ಟು ಸಲೀಸಾಗಿ ಬರೆದಿದ್ದೀರಿ! ದಾವಣಗೆರೆಗೆ ಕೊಟ್ಟ ಅಕ್ಕನಿಗೂ ಅದರಲ್ಲಿ ಸಮಪಾಲು ಇದೆ ಅಲ್ವಾ? 2005ರಲ್ಲೇ ಕಾನೂನು ಬಂದಿದೆ. ನನ್ನ ತಮ್ಮನೂ ಹೀಗೇ "ಸಬ್ಸಿಡಿಗೆ ಬೇಕು, ಸುಮ್ನೆ ಒಂದು ಸೈನ್ ಹಾಕಕ್ಕಾ" ಅಂತ ಹಕ್ಕು ಬಿಡುಗಡೆ ಪತ್ರ ತಂದಿದ್ದ. ಓದದೆ ಹಾಕಿದೆ. ಈಗ ತವರಿಗೆ ಹೋದರೆ ಬಳೆ, ಸೀರೆ, ಊಟ ಎಲ್ಲ ಚೆನ್ನಾಗಿಯೇ ಕೊಡುತ್ತಾರೆ. ಪಹಣಿಯಲ್ಲಿ ಮಾತ್ರ ನಾನಿಲ್ಲ.

ಶೇಂಗಾ_ಸಾಲು · 7 ಜುಲೈ

ಅಕ್ಕಾ, ತಪ್ಪಾಯಿತು. ನಿಜವಾಗಿಯೂ ಅಷ್ಟು ಯೋಚನೆ ಮಾಡಿರಲಿಲ್ಲ.

ಪಹಣಿ_ಪುರಾಣ · 7 ಜುಲೈ

ಜಂಟಿಯಾಗಿ ಮೂವರ ಹೆಸರಿಗೂ ಮಾಡಿಸಿ. ಅಮ್ಮನಿಗೆ ಪಿಎಂ ಕಿಸಾನ್ ಬರುವುದಕ್ಕೆ ಅದರಿಂದ ಏನೂ ಅಡ್ಡಿಯಿಲ್ಲ. ಅಕ್ಕನ ಗಂಡನಿಗೆ ಈಗಾಗಲೇ ಬರುತ್ತಿದ್ದರೆ ಅಕ್ಕನಿಗೆ ಮತ್ತೆ ಬರುವುದಿಲ್ಲ, ಅವರಿಬ್ಬರೂ ಒಂದೇ ಕುಟುಂಬ. ಹಕ್ಕಿನ ಮಾತು ಬೇರೆ, ಕಂತಿನ ಮಾತು ಬೇರೆ.

ಲಾವಣಿ_ಹೊಲ · 7 ಜುಲೈ

ಎಲ್ಲರೂ ಪಹಣಿ, ಎಫ್‌ಐಡಿ, ಹಕ್ಕು ಅಂತ ಮಾತಾಡುತ್ತಿದ್ದೀರಿ. ನಾನೊಂದು ಕೇಳಲಾ? ಮಗ ಬೆಂಗಳೂರಲ್ಲಿ, ಅಮ್ಮ ಒಬ್ಬರೇ, ಅಕ್ಕ ದಾವಣಗೆರೆಯಲ್ಲಿ. ಮೂರೂಕಾಲು ಎಕರೆ ಹೊಲ ಉಳುತ್ತಿರುವವರು ಯಾರು?

ಶೇಂಗಾ_ಸಾಲು · 7 ಜುಲೈ

ಪಕ್ಕದ ಹೊಲದವರು. ಅಪ್ಪ ಹಾಸಿಗೆ ಹಿಡಿದಾಗಿನಿಂದ ಅವರೇ ಮಾಡುತ್ತಿದ್ದಾರೆ. ಬೀಜ, ಗೊಬ್ಬರ, ಆಳು ಎಲ್ಲ ಅವರದು. ಬಂದದ್ದರಲ್ಲಿ ಮೂರರಲ್ಲಿ ಒಂದು ಪಾಲು ಅಮ್ಮನಿಗೆ. ಬರೆದುಕೊಂಡಿದ್ದು ಏನೂ ಇಲ್ಲ, ಬಾಯಿ ಮಾತು.

ಲಾವಣಿ_ಹೊಲ · 7 ಜುಲೈ

ಅನ್ನಿಸಿತ್ತು. ನಮ್ಮದು ಗದಗ ಜಿಲ್ಲೆ. ನಮ್ಮ ಕಡೆ ದುಡ್ಡು ಕೊಟ್ಟು ಮಾಡುವುದಕ್ಕೆ ಲಾವಣಿ ಅಂತಾರೆ, ಬೆಳೆ ಹಂಚಿಕೊಳ್ಳುವುದಕ್ಕೆ ಪಾಲು ಅಂತಾರೆ. ನಮ್ಮಪ್ಪ ಮೂವತ್ತು ವರ್ಷ ಲಾವಣಿ ಮಾಡಿದ್ದಾರೆ. ಸ್ವಂತ ಹೊಲ ಒಂದು ಎಕರೆ, ಲಾವಣಿಗೆ ಎಂಟು ಎಕರೆ.

2023ರ ಕಥೆ ಹೇಳುತ್ತೇನೆ. ಆ ವರ್ಷ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಹೆಸರುಕಾಳು, ಮೆಣಸಿನಕಾಯಿ ಎರಡೂ ಹೋದವು. ಜನವರಿ 2024ರಲ್ಲಿ ರಾಜ್ಯ ಸರ್ಕಾರ 2 ಸಾವಿರದವರೆಗೆ ಮೊದಲ ಕಂತು ಹಾಕಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಕೇಂದ್ರದಿಂದ ಬಂದದ್ದು ಏಪ್ರಿಲ್ 2024ರಲ್ಲಿ, 3,454 ಕೋಟಿ. ಕೇಳಿದ್ದು 18 ಸಾವಿರ ಕೋಟಿಗೂ ಜಾಸ್ತಿ. ಸರಿ, ಬಂತು. ಯಾರ ಖಾತೆಗೆ? ಎಂಟು ಎಕರೆಯ ಮಾಲೀಕರ ಖಾತೆಗೆ. ಅವರು ಹುಬ್ಬಳ್ಳಿಯಲ್ಲಿದ್ದಾರೆ, ಆ ವರ್ಷ ಹೊಲಕ್ಕೆ ಕಾಲಿಟ್ಟಿಲ್ಲ. ಬೀಜ ನಮ್ಮದು, ಸಾಲ ನಮ್ಮದು. ಲಾವಣಿ ಹಣ ಮುಂಚೆಯೇ ಕೊಟ್ಟಾಗಿತ್ತು. ಈ ಪರಿಹಾರಕ್ಕೆ ಸರ್ಕಾರದ ಕಾಗದದಲ್ಲಿ ಇರುವ ಹೆಸರು ಏನು ಗೊತ್ತಾ? ಇನ್‌ಪುಟ್ ಸಬ್ಸಿಡಿ. ಬೀಜ ಗೊಬ್ಬರಕ್ಕೆ ಹಾಕಿದ್ದು ಹೋಯಿತಲ್ಲ, ಅದಕ್ಕೆ ಕೊಡುವುದು. ಹಾಕಿದವರಿಗೆ ಬರಲಿಲ್ಲ.

ಅಪ್ಪ ಕೇಳಲೂ ಇಲ್ಲ. ಕೇಳಿದರೆ ಮುಂದಿನ ವರ್ಷ ಹೊಲ ಬೇರೆಯವರಿಗೆ ಹೋಗುತ್ತದೆ.

ತುಂಗಾತೀರ · 8 ಜುಲೈ

ಸಂಕಟ ಅರ್ಥವಾಗುತ್ತದೆ. ಆದರೆ ಮಾಲೀಕರು ಬರೆದುಕೊಡಲು ಯಾಕೆ ಹೆದರುತ್ತಾರೆ ಅಂತಲೂ ನೋಡಿ. 1 ಮಾರ್ಚ್ 1974ಕ್ಕೆ ಜಾರಿಗೆ ಬಂದ ಭೂ ಸುಧಾರಣೆ ಕಾಯ್ದೆಯ ತಿದ್ದುಪಡಿಯಲ್ಲಿ ಗೇಣಿ ಜಮೀನೆಲ್ಲ, ಅಂದರೆ ಬೇರೆಯವರಿಗೆ ಉಳಲು ಕೊಟ್ಟದ್ದೆಲ್ಲ, ಸರ್ಕಾರಕ್ಕೆ ಸೇರಿ, ಏಳನೇ ನಮೂನೆ ಅರ್ಜಿ ಹಾಕಿದ ಗೇಣಿದಾರರಿಗೆ ಹೋಯಿತು. ನಮ್ಮ ತಾತನ ತೋಟದಲ್ಲೂ ಒಂದಷ್ಟು ಹಾಗೆ ಹೋಗಿದೆ. ಅದು ನ್ಯಾಯವೇ, ನಾನೇನೂ ಅಳುತ್ತಿಲ್ಲ. ಆದರೆ ಆ ಭಯ ಮನೆಯಲ್ಲಿ ಇನ್ನೂ ಉಳಿದಿದೆ. ಇವತ್ತಿಗೂ ಕರ್ನಾಟಕದಲ್ಲಿ ಕೃಷಿ ಜಮೀನು ಗೇಣಿಗೆ ಕೊಡುವುದು ಕಾನೂನಿನಲ್ಲಿ ಇಲ್ಲ. ಸೈನಿಕರು, ಹಡಗಿನಲ್ಲಿ ದುಡಿಯುವವರಂಥ ಕೆಲವರಿಗೆ ಮಾತ್ರ ವಿನಾಯಿತಿ. ಇಲ್ಲದ ಗೇಣಿಗೆ ಕಾಗದ ಎಲ್ಲಿಂದ ಬರಬೇಕು?

ಪಹಣಿ_ಪುರಾಣ · 8 ಜುಲೈ

ತುಂಗಾತೀರ ಹೇಳಿದ್ದು ಸರಿ. ಪಹಣಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂಬತ್ತನೇ ಕಾಲಂ ಮಾಲೀಕರದ್ದು. ಹನ್ನೆರಡನೇ ಕಾಲಂ ಸಾಗುವಳಿ ಮಾಡುವವರದ್ದು. ಆ ಕಾಲಂ ಇಟ್ಟಿರುವುದೇ ಉಳುವವನ ಹೆಸರು ಬರೆಯಲಿಕ್ಕೆ. ನಾನು ಕೆಲಸದಲ್ಲಿದ್ದಾಗ ನೋಡಿದ ಪಹಣಿಗಳಲ್ಲಿ ಅಲ್ಲಿ ಒಂದೇ ಪದ: ಸ್ವಂತ. ಹೊಲದಲ್ಲಿ ಯಾರೇ ಇರಲಿ, ಸ್ವಂತ. ನಾನೂ ಹಾಗೇ ಬರೆದಿದ್ದೇನೆ. ಬರೆಯದಿದ್ದರೆ ಇಬ್ಬರೂ ಬಂದು ಜಗಳ ಮಾಡುತ್ತಿದ್ದರು. ಮಾಲೀಕರು ಹಕ್ಕು ಹೋಗುತ್ತದೆ ಅಂತ, ಉಳುವವರು ಹೊಲ ಬಿಡಿಸಿಬಿಡುತ್ತಾರೆ ಅಂತ.

ಗಣಕೀಕರಣ ಆಗಿ 25 ವರ್ಷವಾಯಿತು. ಭೂಮಿ ತಂತ್ರಾಂಶ ಬಂದ ಮೇಲೆ ಪಹಣಿ ತಿದ್ದುವುದು ಕಷ್ಟವಾಯಿತು, ಅದು ಒಳ್ಳೆಯದೇ. ಆದರೆ ಆ ಸುಳ್ಳೂ ಹಾಗೇ ಕಂಪ್ಯೂಟರಿಗೆ ಹೋಯಿತು. ಅದರ ಮೇಲೆ ಫ್ರೂಟ್ಸ್ ಕಟ್ಟಿದರು, ಅದರ ಮೇಲೆ ಪರಿಹಾರ ಕಟ್ಟಿದರು.

ಜೋಳದ_ಸೀಮೆ_ಅಯೋವಾ · 8 ಜುಲೈ

ದೂರದಿಂದ ಒಂದು ಮಾತು ಸೇರಿಸಲಾ? ನಾನು ಇರುವುದು ಅಮೆರಿಕದ ಅಯೋವಾ ರಾಜ್ಯದಲ್ಲಿ. ಇಲ್ಲಿ 99 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಿನ ಗಾತ್ರ ಅಂದುಕೊಳ್ಳಿ. ಹೆಚ್ಚಿನ ಕೌಂಟಿಗಳಲ್ಲಿ ಕೇಂದ್ರ ಸರ್ಕಾರದ ಒಂದು ಕೃಷಿ ಸೇವಾ ಕಚೇರಿ ಇದೆ. ರೈತರ ಸಬ್ಸಿಡಿ ಅಲ್ಲಿಂದಲೇ.

ಇಲ್ಲೂ ಅರ್ಧಕ್ಕಿಂತ ಜಾಸ್ತಿ ಜಮೀನು ಗೇಣಿಯಲ್ಲೇ ಇದೆ. ಮಾಲೀಕರು ಎಷ್ಟೋ ಜನ ವಯಸ್ಸಾದ ಅಜ್ಜಿಯರು, ಫ್ಲಾರಿಡಾದಲ್ಲೋ ಟೆಕ್ಸಾಸಿನಲ್ಲೋ ಇರುವ ಮಕ್ಕಳು. ನಿಮ್ಮ ಹುಬ್ಬಳ್ಳಿ ಮಾಲೀಕರ ಹಾಗೆಯೇ. ಆದರೆ ನಿಯಮ ಬೇರೆ. ಬೆಳೆಯ ನಷ್ಟದ ಭಾರ ಯಾರು ಹೊರುತ್ತಾರೋ ಅವರಿಗೆ ಸಬ್ಸಿಡಿ. ನಗದು ಗೇಣಿ ಆದರೆ ಪೂರ್ತಿ ಉಳುವವನಿಗೆ, ಮಾಲೀಕರಿಗೆ ಏನೂ ಇಲ್ಲ. ಪಾಲಿಗೆ ಮಾಡಿದರೆ ಇಬ್ಬರಿಗೂ ಅವರವರ ಪಾಲಿನಷ್ಟು. ಯಾರು ಉಳುತ್ತಾರೆ ಅನ್ನುವುದನ್ನು ಕಚೇರಿಗೆ ಬರೆದು ಕೊಡಲೇಬೇಕು.

ಲಾವಣಿ_ಹೊಲ · 8 ಜುಲೈ

ನೋಡಿದ್ರಾ? ಆಗದ ಕೆಲಸವೇನಲ್ಲ ಅಂತಾಯಿತು.

ಜೋಳದ_ಸೀಮೆ_ಅಯೋವಾ · 9 ಜುಲೈ

ಅಣ್ಣಾ, ಅಷ್ಟು ಬೇಗ ಹೊಗಳಬೇಡಿ, ಪೂರ್ತಿ ಕೇಳಿ. ಸಬ್ಸಿಡಿ ಉಳುವವನಿಗೆ ಬರುತ್ತದೆ ಅಂತ ಮಾಲೀಕರಿಗೂ ಗೊತ್ತು. ಮುಂದಿನ ಒಪ್ಪಂದದಲ್ಲಿ ಗೇಣಿ ಏರಿಸುತ್ತಾರೆ. ಒಂದಷ್ಟು ದುಡ್ಡು ಸುತ್ತು ಹೊಡೆದು ಅವರ ಮನೆಗೇ ಸೇರುತ್ತದೆ.

ಇಲ್ಲಿ ಮುಖ್ಯವಾದ ಸಬ್ಸಿಡಿ ಬೆಲೆ ಕುಸಿದಾಗ ಬರುವಂಥದ್ದು. ಮೆಕ್ಕೆಜೋಳಕ್ಕೆ ಒಂದು ಬುಷೆಲ್‌ಗೆ, ಅಂದರೆ ಸುಮಾರು 25 ಕೆಜಿಗೆ, 3.70 ಡಾಲರ್ ಅಂತ ಕಾನೂನಿನಲ್ಲಿ ಒಂದು ಗೆರೆ ಇತ್ತು. ಮೊನ್ನೆ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಅದನ್ನು 4.10ಕ್ಕೆ ಏರಿಸಿದ್ದಾರೆ. ಆದರೆ ಲೆಕ್ಕ ಹಾಕುವುದು ಈ ವರ್ಷ ಬಿತ್ತಿದ ಎಕರೆಗೆ ಅಲ್ಲ. ಹಿಂದೆ ಯಾವಾಗಲೋ ದಾಖಲಾದ ಎಕರೆಗೆ. ಈಗ ಬೇರೇನೋ ಬೆಳೆದರೂ ಮೆಕ್ಕೆಜೋಳದ ಹೆಸರಿನಲ್ಲಿ ಹಣ ಬರಬಹುದು. ಹಾಗಾಗಿ ಇಲ್ಲೂ ಹಳೆಯ ಕಾಗದದ ಆಟ ಇಲ್ಲದಿಲ್ಲ.

ಮಿತಿಯ ಕಥೆ ಇನ್ನೂ ಚೆಂದ. ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು, ಹೊಸ ಕಾನೂನಿನಲ್ಲಿ 1,55,000. ಆದರೆ ಅಣ್ಣ, ತಮ್ಮ, ಹೆಂಡತಿ, ಮಗ ಎಲ್ಲ ಪಾಲುದಾರರಾದರೆ ಒಬ್ಬೊಬ್ಬರಿಗೂ ಬೇರೆ ಮಿತಿ. ನಮ್ಮೂರಲ್ಲಿ ಸಬ್ಸಿಡಿಗೆ ಅಂತ ಪಹಣಿ ಒಡೆಯುತ್ತಾರಲ್ಲ, ಅದೇ ಬುದ್ಧಿ, ಸೊನ್ನೆ ಮಾತ್ರ ಜಾಸ್ತಿ.

ಒಂದು ವಿಷಯ ಮಾತ್ರ ನನಗೆ ಹಿಡಿಸಿತು. ಯಾರಿಗೆ ಎಷ್ಟು ಹೋಯಿತು ಅಂತ ಕೌಂಟಿವಾರು ಯಾರು ಬೇಕಾದರೂ ನೋಡಬಹುದು. ಚರ್ಚಿನಲ್ಲಿ ಪಕ್ಕ ಕೂತವನ ಸಬ್ಸಿಡಿ ಎಲ್ಲರಿಗೂ ಗೊತ್ತು, ಬಾಯಿ ಬಿಟ್ಟು ಯಾರೂ ಹೇಳಲ್ಲ ಅಷ್ಟೇ.

ಬೆರಳಚ್ಚು_ಬಾಕಿ · 9 ಜುಲೈ

ನಮ್ಮಲ್ಲೂ ಇದೆ. ಪಿಎಂ ಕಿಸಾನ್ ಪಟ್ಟಿ ಊರುವಾರು ಸಿಗುತ್ತದೆ, ಬರ ಪರಿಹಾರದ್ದೂ ಕಂದಾಯ ಇಲಾಖೆಯ ತಾಣದಲ್ಲಿ ಸಿಗುತ್ತದೆ. ನನ್ನ ಕೇಂದ್ರಕ್ಕೆ ಬರುವ ಅರ್ಧ ಜನ ತಮ್ಮ ಹೆಸರು ನೋಡಲ್ಲ, "ಅವನಿಗೆ ಬಂತಾ ನೋಡು" ಅಂತಾರೆ.

ತುಂಗಾತೀರ · 9 ಜುಲೈ

ಹತ್ತಿರದ ರಾಜ್ಯಗಳನ್ನೂ ನೋಡಿ. ತೆಲಂಗಾಣದ ರೈತ ಬಂಧು 2018ರಲ್ಲಿ ಎಕರೆಗೆ ಒಂದು ಹಂಗಾಮಿಗೆ 4 ಸಾವಿರ ಅಂತ ಶುರುವಾಯಿತು. ಮಾಲೀಕರಿಗೆ ಮಾತ್ರ, ಎಕರೆಗೆ ಮಿತಿಯೇ ಇಲ್ಲ. ದೊಡ್ಡ ಜಮೀನ್ದಾರರಿಗೂ ಚೆಕ್ ಹೋಯಿತು, ಉಳುವವರಿಗೆ ಇಲ್ಲ. ಒಡಿಶಾದ ಕಾಲಿಯಾ ಪಾಲಿಗೆ ಮಾಡುವವರನ್ನೂ ಸೇರಿಸಿತು. ಆಂಧ್ರದಲ್ಲಿ 2019ರಲ್ಲಿ ಸಾಗುವಳಿದಾರರ ಕಾರ್ಡ್ ತಂದರು, 11 ತಿಂಗಳಿಗೆ ಮಾತ್ರ. ಮಾಲೀಕತ್ವಕ್ಕೆ ಧಕ್ಕೆ ಇಲ್ಲ ಅಂತ ಕಾನೂನಿನಲ್ಲೇ ಬರೆದರು. ಆದರೆ ಅದಕ್ಕೆ ಮಾಲೀಕರ ಸಹಿ ಬೇಕು. ಮತ್ತೆ ಅಲ್ಲಿಗೇ ಬಂತು.

ಆದರೂ ನನಗೆ ಆ 11 ತಿಂಗಳ ದಾರಿಯೇ ಸರಿ ಅನ್ನಿಸುತ್ತದೆ. ಬೆಂಗಳೂರಿನ ಬಾಡಿಗೆ ಮನೆಗೆ 11 ತಿಂಗಳ ಕರಾರು ಕಣ್ಣು ಮುಚ್ಚಿ ಹಾಕುತ್ತೇವೆ. ಹೊಲಕ್ಕೆ ಯಾಕಾಗಬಾರದು?

ಲಾವಣಿ_ಹೊಲ · 9 ಜುಲೈ

ನೀವು ಸಹಿ ಹಾಕುತ್ತೀರಾ?

ತುಂಗಾತೀರ · 9 ಜುಲೈ

ಕಾನೂನು ಬಂದರೆ ಹಾಕುತ್ತೇನೆ. ಇವತ್ತು ಕೇಳಿದರೆ, ಇಲ್ಲ.

ಲಾವಣಿ_ಹೊಲ · 9 ಜುಲೈ

ನಿಜ ಹೇಳಿದ್ದಕ್ಕೆ ಧನ್ಯವಾದ.

ಶೇಂಗಾ_ಸಾಲು · 10 ಜುಲೈ

ಎರಡು ದಿನ ಸುಮ್ಮನೆ ಓದುತ್ತಿದ್ದೆ. ನಿನ್ನೆ ರಾತ್ರಿ ಲೆಕ್ಕ ಹಾಕಿದೆ. ಬರ ಪರಿಹಾರ ಖುಷ್ಕಿಗೆ ಹೆಕ್ಟೇರಿಗೆ 8,500, ಗರಿಷ್ಠ 2 ಹೆಕ್ಟೇರ್. ನಮ್ಮ 3 ಎಕರೆ 10 ಗುಂಟೆಗೆ ಹೆಚ್ಚೆಂದರೆ 11,180 ರೂಪಾಯಿ ಆಗುತ್ತಿತ್ತು. ಪಹಣಿ ಸರಿ ಮಾಡಿಸಿದ್ದರೆ ಅದು ನಮಗೆ ಬರುತ್ತಿತ್ತು. ಆ ವರ್ಷ ಶೇಂಗಾ ಬಿತ್ತಿ ಒಣಗಿಸಿಕೊಂಡವರು ಪಕ್ಕದವರು. ಈ ಹೊಲದ ದುಡ್ಡು ಅವರಿಗೂ ಬರಲಿಲ್ಲ, ನಮಗೂ ಬರಲಿಲ್ಲ.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ, ಆ ವರ್ಷ ಅವರು ನಮಗೆ ಎಷ್ಟು ಕೊಟ್ಟರು ಅಂತ. "ಎರಡು ಚೀಲ ತಂದು ಹಾಕಿದ್ರು. ಬೇಡ ಅಂದೆ, ಕೇಳಲಿಲ್ಲ" ಅಂದರು.

ದೊಡ್ಡಕ್ಕ · 10 ಜುಲೈ

ಹಾಗಾದರೆ ಈಗಲೇ ಮಾತಾಡಿಕೊಳ್ಳಿ. ಮುಂದೆ ಪರಿಹಾರ ಬಂದರೆ ಅದು ಯಾರದು, ಬೆಳೆ ವಿಮೆ ಕಟ್ಟುವವರು ಯಾರು. ಬಂದ ಮೇಲೆ ಮಾತಾಡಿದರೆ ಮನಸ್ಸು ಕೆಡುತ್ತದೆ. ದುಡ್ಡು ಕೈಗೆ ಬರುವ ಮುಂಚೆ ಎಲ್ಲರೂ ಒಳ್ಳೆಯವರೇ.

ಪಹಣಿ_ಪುರಾಣ · 10 ಜುಲೈ

ವಿಮೆ ಬಗ್ಗೆ ಹೇಳುತ್ತೇನೆ. ಫಸಲ್ ಬಿಮಾದಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳಿಗೆ ರೈತರ ಪಾಲು ವಿಮಾ ಮೊತ್ತದ ಶೇ. 2. ಗೇಣಿಗೆ ಮಾಡುವವರೂ ಸೇರಬಹುದು ಅಂತ ಮಾರ್ಗಸೂಚಿಯಲ್ಲಿದೆ, ಆದರೆ ದಾಖಲೆ ಬೇಕು. ಬಾಯಿ ಮಾತಿನವರು ಮಾಲೀಕರ ಹೆಸರಲ್ಲೇ ಕಟ್ಟುತ್ತಾರೆ. ದುಡ್ಡು ಬಂದಾಗ ಮತ್ತೆ ಮಾಲೀಕರ ಬ್ಯಾಂಕು. ಅಮ್ಮನ ಹೆಸರಿನಲ್ಲಿ ಬ್ಯಾಂಕಿನ ಬೆಳೆ ಸಾಲ ಇದೆಯಾ ನೋಡಿಕೊಳ್ಳಿ. ಕಳೆದ ವರ್ಷ ಬರ ಪರಿಹಾರವನ್ನು ಬ್ಯಾಂಕಿನವರು ಸಾಲಕ್ಕೆ ಜಮಾ ಮಾಡಿಕೊಳ್ಳಲು ಶುರು ಮಾಡಿ, ಹಾಗೆ ಮಾಡಬಾರದು ಅಂತ ಸರ್ಕಾರ ಹೇಳಬೇಕಾಯಿತು.

ಶೇಂಗಾ_ಸಾಲು · 14 ಸೆಪ್ಟೆಂಬರ್

ಮುಂದೇನಾಯಿತು ಅಂತ ಕೆಲವರು ಕೇಳಿದ್ದರು. ಪೌತಿ ಖಾತೆ ಆಯಿತು, ಏಜೆಂಟ್ ಇಲ್ಲದೆ. ಮೂರು ಸಲ ಓಡಾಡಿದೆ. ಅಮ್ಮ, ಅಕ್ಕ, ನಾನು ಜಂಟಿ. ನಿನ್ನ ಹೆಸರೂ ಬಂತು ಅಂದಾಗ ಅಕ್ಕ ಏನೂ ಹೇಳಲಿಲ್ಲ, ಪಹಣಿಯ ಫೋಟೊ ಮಾತ್ರ ಕಳಿಸು ಅಂದಳು. ಅಮ್ಮನ ಎಫ್‌ಐಡಿ ಆಗಿದೆ. ಪಿಎಂ ಕಿಸಾನ್ ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ, ಆಗಸ್ಟ್ 2ರ ಕಂತು ಸಿಗಲಿಲ್ಲ.

ಪಕ್ಕದವರ ಜೊತೆ ಕೂತು ಮಾತಾಡಿದೆವು. ಬೆಳೆಗೆ ಬರುವ ಪರಿಹಾರ, ವಿಮೆ ಪೂರ್ತಿ ಅವರಿಗೆ. ಪಿಎಂ ಕಿಸಾನ್ ಅಮ್ಮನಿಗೆ. ಬರೆದುಕೊಳ್ಳೋಣ ಅಂದೆ. ಅವರೇ ಬೇಡ ಅಂದರು. "ಬರೆದರೆ ನಿಮ್ಮವರಿಗೆ ನಿದ್ದೆ ಬರಲ್ಲ, ಬಿಡಣ್ಣ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ಮೊನ್ನೆ ಬೆಳೆ ಸಮೀಕ್ಷೆ, ಯಾವ ಹೊಲದಲ್ಲಿ ಯಾವ ಬೆಳೆ ಅಂತ ದಾಖಲು ಮಾಡುವುದು. ಅವರು ಹೊಲದಲ್ಲಿ ನಿಂತು ಆ್ಯಪ್‌ನಲ್ಲಿ ಫೋಟೊ ತೆಗೆಯುತ್ತಿದ್ದಾರೆ, ಒಟಿಪಿ ಬಂದಿದ್ದು ಇಲ್ಲಿ ನನ್ನ ಫೋನಿಗೆ. ನಾನು ಆಫೀಸಿನ ಮೀಟಿಂಗ್‌ನಲ್ಲಿದ್ದೆ. ಎದ್ದು ಹೊರಗೆ ಬಂದು ಒಂದೊಂದೇ ಅಂಕಿ ಹೇಳಿದೆ. ಗಾಳಿ ಸದ್ದಿಗೆ ಅವರಿಗೆ ಕೇಳಿಸದೆ ಎರಡು ಸಲ ಹೇಳಬೇಕಾಯಿತು.

ಲಾವಣಿ_ಹೊಲ · 14 ಸೆಪ್ಟೆಂಬರ್

ಒಳ್ಳೆಯದಾಯಿತು ತಮ್ಮಾ. ಆ್ಯಪ್‌ನಲ್ಲಿ ಶೇಂಗಾ ಒಂದೇ ಹಾಕಿದರಾ, ಸಾಲಿನ ನಡುವೆ ಬಿತ್ತಿದ ತೊಗರಿ ಅಕ್ಕಡಿಯನ್ನೂ ದಾಖಲು ಮಾಡಿದರಾ? ಬಿಟ್ಟಿದ್ದರೆ ಈಗಲೇ ಆಕ್ಷೇಪಣೆ ಹಾಕಿಸಿ.

ಶೇಂಗಾ_ಸಾಲು · 14 ಸೆಪ್ಟೆಂಬರ್

ಅಯ್ಯೋ, ಅಕ್ಕಡಿ ವಿಷಯ ಕೇಳಲೇ ಇಲ್ಲ. ಈಗಲೇ ಫೋನ್ ಮಾಡುತ್ತೇನೆ.